ಯುದ್ಧದಲ್ಲಿ ತಪ್ಪು ಮಾಡಿದ್ರೆ ಸೈನಿಕನ ಮೇಲೆ ಕೇಸ್ ನಡೀಬೇಕಾ? ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಮಂಡ್ಯ ಕೋರ್ಟಲ್ಲಿ ವಕೀಲೆ, ಅಪ್ಪ ಮಿಲ್ಟ್ರಿಯಲ್ಲಿ ಸುಬೇದಾರ್ ಆಗಿ ರಿಟೈರ್ ಆದವ್ರು. ಹಂಗಾಗಿ ಪೆನ್ಷನ್ ವಿಷ್ಯ, ಜಮೀನಿನ ವಿಷ್ಯ ಅಂತ ಬರೋ ಮಾಜಿ ಸೈನಿಕರು, ಅವ್ರ ಮನೆಯವ್ರು ಬಂದ ಕೆಲಸ ಮುಗಿದ್ಮೇಲೂ ಕೂತು ಇದನ್ನೇ ಕೇಳ್ತಾರೆ, ಅದ್ರಲ್ಲೂ ಟೀವೀಲಿ ಕಾಶ್ಮೀರದ್ದೋ ನಾಗಾಲ್ಯಾಂಡಿಂದೋ ಸುದ್ದಿ ಬಂದಿದ್ರೆ ಮುಗೀತು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳೋ ಬದ್ಲು ಎಲ್ಲಾ ಒಂದ್ಕಡೆ ಬರೆದಿಟ್ಟಿದ್ದೀನಿ.

ಮೊದ್ಲು ಇದ್ ಹೇಳಿ ಮೇಡಂ, ನೀವು ಸೈನಿಕರ ಪರನೋ ವಿರುದ್ಧನೋ?

ಪರ. 2019ರಲ್ಲಿ ಪುಲ್ವಾಮಾದಲ್ಲಿ ಹುತಾತ್ಮರಾದ ಸಿಆರ್‌ಪಿಎಫ್ ಯೋಧ ಎಚ್. ಗುರು ಅವ್ರನ್ನ ಮದ್ದೂರು ತಾಲೂಕಿನ ಗುಡಿಗೆರೆಗೆ ಕರ್ಕೊಂಡು ಬಂದಾಗ ರಸ್ತೆ ಪಕ್ಕ ನಿಂತು ಅತ್ತ ಜನದಲ್ಲಿ ನಾನೂ ಇದ್ದೆ. ಪರ ಇರೋದ್ರಿಂದ್ಲೇ ಹೇಳ್ತಿರೋದು, ಆರೋಪ ಬಂದಾಗ ತನಿಖೆ ಆಗ್ಬೇಕು, ಸಾಕ್ಷಿ ಇದ್ರೆ ವಿಚಾರಣೆ ನಡೀಬೇಕು. ಯಾರೋ ನಾಲ್ಕು ಜನ ಮಾಡಿದ್ದನ್ನ ಮುಚ್ಚಿಟ್ರೆ ಅದ್ರ ಕಳಂಕ ಆ ನಾಲ್ಕು ಜನಕ್ಕೇ ನಿಲ್ಲಲ್ಲ, ಹಿಮದಲ್ಲಿ ನಿಂತು ಕೈ ಕೊಳೆ ಮಾಡ್ಕೊಳ್ದೆ ಡ್ಯೂಟಿ ಮಾಡಿ ಬಂದ ನಮ್ಮಪ್ಪನಂಥ ಲಕ್ಷಾಂತರ ಜನದ ಯೂನಿಫಾರ್ಮ್‌ಗೂ ಮೆತ್ಕೊಳ್ಳುತ್ತೆ, ಅದನ್ನ ಒಪ್ಕೊಳ್ಳೋಕೆ ನನ್ನ ಕೈಲಾಗಲ್ಲ.

ಯುದ್ಧ ಅಂದ್ರೇ ಕೊಲ್ಲೋದು. ಅದ್ರಲ್ಲಿ ಸರಿ ಯಾವ್ದು ತಪ್ಪು ಯಾವ್ದು?

ಶತ್ರು ಆಯುಧ ಹಿಡಿದು ಎದುರಿಗೆ ನಿಂತಿದ್ರೆ ಅವನನ್ನ ಹೊಡೆಯೋದು ಅಪರಾಧ ಅಲ್ವೇ ಅಲ್ಲ, ಅದು ಸೈನಿಕನ ಕೆಲಸ. ಶರಣಾದವನನ್ನ, ಗಾಯ ಆಗಿ ಬಿದ್ದವನನ್ನ, ಸೆರೆ ಸಿಕ್ಕವನನ್ನ, ಯುದ್ಧಕ್ಕೆ ಸಂಬಂಧವೇ ಇಲ್ದ ಊರಿನ ಜನರನ್ನ ಬೇಕಂತ ಕೊಲ್ಲೋದು, ಚಿತ್ರಹಿಂಸೆ ಕೊಡೋದು, ಹೆಣ್ಮಕ್ಕಳ ಮೇಲೆ ಕೈ ಹಾಕೋದು ಅಪರಾಧ. 1949ರ ಜಿನೀವಾ ಒಪ್ಪಂದಗಳಲ್ಲಿ ಇರೋದು ಇದೇ, ಭಾರತ ಅದನ್ನ 1950ರಲ್ಲೇ ಒಪ್ಕೊಂಡಿದೆ, 1960ರಲ್ಲಿ ನಮ್ಮ ಪಾರ್ಲಿಮೆಂಟೇ ಅದಕ್ಕೆ ಒಂದು ಕಾನೂನೂ ಮಾಡಿದೆ.

ಇದೆಲ್ಲಾ ಫಾರಿನ್ನೋರು ತಂದ ಐಡಿಯಾ ಅನ್ನೋರು ಒಂದ್ಸಲ ಶ್ರೀರಂಗಪಟ್ಟಣಕ್ಕೆ ಹೋಗ್ಬನ್ನಿ. ಕೋಟೆಯೊಳಗಿನ ಬೈಲಿ ಡಂಜನ್‌ಗೆ, ಅಂದ್ರೆ ಹಳೇ ನೆಲಮಾಳಿಗೆ ಸೆರೆಮನೆಗೆ, ಇಳಿದ್ರೆ ಗೋಡೆಯಿಂದ ಆಚೆ ಚಾಚ್ಕೊಂಡಿರೋ ಕಲ್ಲಿನ ಹಲಗೆಗಳು ಈಗ್ಲೂ ಇವೆ, ಬ್ರಿಟಿಷ್ ಸೆರೆಯಾಳುಗಳನ್ನ ಸರಪಳಿ ಹಾಕಿ ಕಟ್ತಿದ್ದ ಜಾಗ ಅಂತ ತೋರಿಸ್ತಾರೆ, 1780ರಲ್ಲಿ ಸೆರೆ ಸಿಕ್ಕ ಕರ್ನಲ್ ಬೈಲಿ ಎರಡು ವರ್ಷಕ್ಕೆ ಶ್ರೀರಂಗಪಟ್ಟಣದಲ್ಲೇ ಸತ್ತ. ಆಮೇಲೆ 1799ರ ಮೇ 4ಕ್ಕೆ ಟಿಪ್ಪು ಬಿದ್ದ ರಾತ್ರಿ ಬ್ರಿಟಿಷ್ ಸೈನ್ಯ ಊರಿಗೆ ನುಗ್ಗಿ ಲೂಟಿ ಮಾಡ್ತು, ಮನೆ ಮನೆ ಬಿಡ್ಲಿಲ್ಲ. ಮಾರನೇ ದಿನ ಚಾರ್ಜ್ ತಗೊಂಡ ಆರ್ಥರ್ ವೆಲ್ಲೆಸ್ಲಿ ತನ್ನ ಸೈನಿಕರನ್ನೇ ಗಲ್ಲಿಗೆ ಹಾಕಿ, ಚಾಟಿಯಲ್ಲಿ ಹೊಡೆಸಿ ಊರನ್ನ ಹತೋಟಿಗೆ ತಂದೆ ಅಂತ ತಾನೇ ಕಾಗದದಲ್ಲಿ ಬರ್ಕೊಂಡಿದ್ದಾನೆ. ವಿಚಾರಣೆ ಇಲ್ದೆ ನೇಣು ಹಾಕಿದ್ದು ನ್ಯಾಯ ಅಂತ ನಾನ್ ಹೇಳಲ್ಲ. ಆದ್ರೆ ಗೆದ್ದ ಸೈನ್ಯಕ್ಕೂ ಲಗಾಮು ಬೇಕು ಅನ್ನೋದು ಕಾವೇರಿ ದಡದಲ್ಲಿ 200 ವರ್ಷದ ಹಿಂದೆನೇ ಕಂಡ ಮಾತು.

ಗುಂಡು ಹಾರ್ತಿರೋವಾಗ ಅರೆಕ್ಷಣದಲ್ಲಿ ತೀರ್ಮಾನ ತಗೋಬೇಕು. ಎಸಿ ರೂಮಲ್ಲಿ ಕೂತ ಜಡ್ಜ್‌ಗೆ ಅದೆಂಗೆ ಗೊತ್ತಾಯ್ತದೆ?

ನನಗೆ ಬರೋ ಪ್ರಶ್ನೆಗಳಲ್ಲಿ ಇದೇ ತುಂಬಾ ತೂಕದ್ದು, ಇದನ್ನ ಕೇಳೋರನ್ನ ದೇಶಭಕ್ತಿ ತಲೆಗೇರಿದೋರು ಅಂತ ತಳ್ಳಿಹಾಕೋರು ಕಂಡ್ರೆ ನನಗೆ ಬೇಜಾರಾಗುತ್ತೆ. ನಿಜವಾಗ್ಲೂ ಅರೆಕ್ಷಣದ ತೀರ್ಮಾನಕ್ಕೆ ಸೈನಿಕನನ್ನ ಜೈಲಿಗೆ ಹಾಕ್ಬಾರ್ದು, ಕಾನೂನೂ ಹಾಕು ಅಂತ ಹೇಳಲ್ಲ. ಭಾರತೀಯ ನ್ಯಾಯ ಸಂಹಿತೆ 14ನೇ ಸೆಕ್ಷನ್‌ನಲ್ಲಿ, ಹಳೇ ಐಪಿಸಿಲಿ 76, ಕೊಟ್ಟಿರೋ ಉದಾಹರಣೆನೇ ಸೈನಿಕನದ್ದು: ಕಾನೂನಿನ ಪ್ರಕಾರ ಮೇಲಧಿಕಾರಿ ಕೊಟ್ಟ ಆರ್ಡರ್ ಮೇಲೆ ಗುಂಪಿನ ಮೇಲೆ ಗುಂಡು ಹಾರಿಸಿದ್ರೆ ಅವನು ಅಪರಾಧಿ ಅಲ್ಲ. ಒಳ್ಳೇ ಮನಸ್ಸಿಂದ ತಪ್ಪು ತಿಳ್ಕೊಂಡು ಮಾಡಿದ್ದಕ್ಕೂ ರಕ್ಷಣೆ ಇದೆ.

ಈಗ ಮಾಛಿಲ್ ಕೇಸ್ ನೋಡಿ. 2010ರ ಏಪ್ರಿಲ್‌ನಲ್ಲಿ ಕಾಶ್ಮೀರದ ಮೂರು ಜನರನ್ನ ಕೆಲಸ ಕೊಡಿಸ್ತೀವಿ ಅಂತ ಆಸೆ ತೋರಿಸಿ ಗಡಿ ಹತ್ರ ಕರ್ಕೊಂಡೋಗಿ, ಗುಂಡಿಟ್ಟು, ಗಡಿ ನುಸುಳೋಕೆ ಬಂದ ಉಗ್ರರು ಅಂತ ಲೆಕ್ಕ ಬರೆದ್ರು ಅನ್ನೋದು ಆರೋಪ, ಸೈನ್ಯದ ಒಳಗಿನ ಕೋರ್ಟ್ ಆದ ಕೋರ್ಟ್ ಮಾರ್ಷಲ್ಲೇ ಅದನ್ನ ನಂಬಿ ಐದು ಜನಕ್ಕೆ ಜೀವಾವಧಿ ಕೊಡ್ತು. ಊರಿಂದ ಕರ್ಕೊಂಡು ಬರೋದಕ್ಕೆ, ವಾಹನ ಏರ್ಪಾಟು ಮಾಡೋದಕ್ಕೆ, ಆಮೇಲೆ ರಿಪೋರ್ಟ್ ಬರೆಯೋದಕ್ಕೆ ಎಷ್ಟು ಹೊತ್ತು ಬೇಕು ಲೆಕ್ಕ ಹಾಕಿ. ಅಲ್ಲಿ ಅರೆಕ್ಷಣ ಅನ್ನೋ ಮಾತೇ ಬರಲ್ಲ.

ನಾಗಾಲ್ಯಾಂಡಿನ ಓಟಿಂಗ್‌ದು ಬೇರೆ ಥರ. 2021ರ ಡಿಸೆಂಬರ್ 4, ಕಲ್ಲಿದ್ದಲು ಗಣಿ ಕೆಲಸ ಮುಗಿಸಿ ಪಿಕಪ್ ಗಾಡೀಲಿ ಮನೆಗೆ ಹೊರಟಿದ್ದ ಆರು ಜನರನ್ನ ಉಗ್ರರು ಅಂದ್ಕೊಂಡು ಸೈನ್ಯದ ತಂಡ ಗುಂಡು ಹೊಡೀತು. ಅದಾದ್ಮೇಲೆ ಊರವ್ರು ರೊಚ್ಚಿಗೆದ್ದು ಆ ಗಲಾಟೆ ಎಲ್ಲಾ ಸೇರಿ ಎರಡು ದಿನದಲ್ಲಿ 14 ಜನ ನಾಗರಿಕರು, ಒಬ್ಬ ಸೈನಿಕ ತೀರ್ಕೊಂಡ್ರು. ಇಲ್ಲಿ ತಪ್ಪು ಮಾಹಿತಿ ಎಷ್ಟು, ಅಜಾಗರೂಕತೆ ಎಷ್ಟು, ಗಾಡಿ ನಿಲ್ಸಿ ನೋಡೋಕೆ ಟೈಮ್ ಇತ್ತಾ ಇಲ್ವಾ, ಇದನ್ನ ಮನೇಲಿ ಕೂತು ನಾನೂ ಹೇಳೋಕಾಗಲ್ಲ ನೀವೂ ಹೇಳೋಕಾಗಲ್ಲ. ಸಾಕ್ಷಿ ಕೂರಿಸಿ ಕೇಳಿದ್ರೆ ಮಾತ್ರ ಗೊತ್ತಾಗೋದು, ಆ ಸೈನಿಕರು ನಿರ್ದೋಷಿಗಳಾಗಿದ್ರೆ ಅದೂ ಗೊತ್ತಾಗೋದು ಹಂಗೇನೇ.

ಮೇಲಿನವ್ರು ಆರ್ಡರ್ ಕೊಟ್ಮೇಲೆ ಪಾಪ ಜವಾನ ಏನ್ ಮಾಡ್ತಾನೆ?

ಆರ್ಮಿ ಆಕ್ಟ್ 41ನೇ ಸೆಕ್ಷನ್ ಪ್ರಕಾರ ಆರ್ಡರ್ ಮೀರೋದು ದೊಡ್ಡ ಅಪರಾಧ, ಆದ್ರೆ ಅಲ್ಲಿ ಬರೆದಿರೋದು ಕಾನೂನುಬದ್ಧವಾದ ಆರ್ಡರ್ ಅಂತ. ಕೈ ಕಟ್ಟಿ ಕೂರಿಸಿರೋನನ್ನ ಕೊಂದ್ಹಾಕು ಅನ್ನೋದು ಯಾವ ಕಾನೂನಲ್ಲೂ ಆರ್ಡರ್ ಅಲ್ಲ. ಎರಡನೇ ಮಹಾಯುದ್ಧ ಮುಗಿದ್ಮೇಲೆ ನ್ಯೂರೆಂಬರ್ಗ್‌ನಲ್ಲಿ ನಾಜಿಗಳ ವಿಚಾರಣೆ ನಡೆದಾಗ್ಲೇ ಆರ್ಡರ್ ಇತ್ತು ಅನ್ನೋ ನೆಪ ನಡೆಯಲ್ಲ, ಬೇಕಾದ್ರೆ ಶಿಕ್ಷೆ ಕಮ್ಮಿ ಮಾಡೋಕೆ ನೋಡ್ಬಹುದು ಅಂತ ಆಗಿತ್ತು. 2022ರಲ್ಲಿ ಯುಕ್ರೇನ್‌ನಲ್ಲಿ 21 ವರ್ಷದ ಒಬ್ಬ ರಷ್ಯನ್ ಸಾರ್ಜೆಂಟ್, ಫೋನಲ್ಲಿ ಮಾತಾಡ್ತಿದ್ದ 62 ವರ್ಷದ ಹಳ್ಳಿಯವನನ್ನ ಕೊಂದಿದ್ದಕ್ಕೆ ತಪ್ಪು ಒಪ್ಕೊಂಡ, ಪಕ್ಕದಲ್ಲಿದ್ದೋರು ಹೊಡಿ ಅಂದ್ರು ಅಂದ. ಮೊದ್ಲು ಜೀವಾವಧಿ ಆಯ್ತು, ಅಪೀಲಲ್ಲಿ 15 ವರ್ಷಕ್ಕೆ ಇಳೀತು.

ಆದ್ರೆ ನನ್ನ ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ ಕೆಳಗಿನವನು ಸಿಕ್ಕಿ ಹಾಕ್ಕೊಂಡು ಮೇಲಿನವನು ಪಾರಾಗೋ ಕಡೆ. 1968ರ ಮಾರ್ಚ್ 16ಕ್ಕೆ ವಿಯೆಟ್ನಾಂನ ಮೈ ಲಾಯ್ ಹಳ್ಳೀಲಿ ಅಮೆರಿಕದ ಸೈನಿಕರು ಕೊಂದಿದ್ದು ಅಮೆರಿಕದ ಲೆಕ್ಕದಲ್ಲಿ 347 ಜನ, ವಿಯೆಟ್ನಾಂ ಲೆಕ್ಕದಲ್ಲಿ 504, ಹೆಂಗಸ್ರು ಮಕ್ಕಳು ಮುದುಕ್ರೇ ಜಾಸ್ತಿ. ಶಿಕ್ಷೆ ಆಗಿದ್ದು ಒಬ್ನೇ ಒಬ್ಬ ಲೆಫ್ಟಿನೆಂಟ್ ಕ್ಯಾಲಿಗೆ, ಅದೂ ಜೀವಾವಧಿ ಅಂತ ಹೇಳಿ ಮೂರೂವರೆ ವರ್ಷ ಗೃಹಬಂಧನದಲ್ಲಿ ಮುಗೀತು. ಅವನ ಕ್ಯಾಪ್ಟನ್ ಖುಲಾಸೆ. ಅದೇ ದಿನ ಹ್ಯೂ ಥಾಂಪ್ಸನ್ ಅನ್ನೋ ಪೈಲಟ್ ತನ್ನ ಹೆಲಿಕಾಪ್ಟರನ್ನ ಹಳ್ಳಿಯವ್ರಿಗೂ ತನ್ನ ಸೈನಿಕರಿಗೂ ನಡುವೆ ಇಳಿಸಿ, ಇವರಿಗೆ ಗುಂಡು ಹೊಡೆದ್ರೆ ನೀವು ನಮ್ಮೋರಿಗೇ ಹೊಡೀರಿ ಅಂತ ತನ್ನ ಸಹಾಯಕರಿಗೆ ಹೇಳಿದ್ದ. ಅವನೂ ಸೈನಿಕನೇ ಅಲ್ವಾ? ಅವನಿಗೆ ಮೆಡಲ್ ಸಿಕ್ಕಿದ್ದು 1998ಕ್ಕೆ, 30 ವರ್ಷ ಆದ್ಮೇಲೆ.

ನಮ್ಮ ದೇಶದಲ್ಲಿ ಈಗ ಏನ್ ವ್ಯವಸ್ಥೆ ಇದೆ?

ಎರಡು ದಾರಿ ಇವೆ. ಒಂದು 1950ರ ಆರ್ಮಿ ಆಕ್ಟ್ ಕೆಳಗೆ ಕೋರ್ಟ್ ಮಾರ್ಷಲ್, ಇನ್ನೊಂದು ನಮ್ಮ ನಿಮ್ಮಂಥೋರ ಮಾಮೂಲಿ ಕ್ರಿಮಿನಲ್ ಕೋರ್ಟ್. ಎರಡಕ್ಕೂ ಅಧಿಕಾರ ಇರೋ ಕೇಸಲ್ಲಿ ಎಲ್ಲಿ ನಡೀಬೇಕು ಅಂತ ಮೊದ್ಲು ಆರಿಸೋ ಹಕ್ಕು 125ನೇ ಸೆಕ್ಷನ್ ಪ್ರಕಾರ ಸೈನ್ಯದ ಅಧಿಕಾರಿಗೇ ಇದೆ.

ಅಫ್‌ಸ್ಪಾ, ಅಂದ್ರೆ 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಇರೋ ಕಡೆ ಇನ್ನೊಂದು ಬಾಗಿಲು ದಾಟ್ಬೇಕು. ಅದ್ರ 6ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ, ಕೋರ್ಟ್ ಭಾಷೇಲಿ ಸ್ಯಾಂಕ್ಷನ್, ಇಲ್ದೆ ಕೇಸ್ ನಡೆಸೋಹಂಗಿಲ್ಲ. ಸುಳ್ಳು ಕೇಸಿಂದ ಸೈನಿಕನನ್ನ ಕಾಪಾಡೋಕೆ ಅಂತ ಇಟ್ಟಿದ್ದು, ಉದ್ದೇಶ ಸರಿಯಾಗೇ ಇದೆ. ಕೆರೆಗೆ ತೂಬು ಇಡೋದು ಬೇಕಾದಾಗ ನೀರು ಬಿಡೋಕೆ ಬೇಡದಾಗ ತಡೆಯೋಕೆ, ಆದ್ರೆ ಈ ತೂಬು ತೆಗೆದಿದ್ದೇ ಕಾಣೆ. ಇದೇ ಥರದ 1990ರ ಕಾಯ್ದೆ ಇರೋ ಜಮ್ಮು ಕಾಶ್ಮೀರದಿಂದ ಅನುಮತಿ ಕೇಳಿ ಬಂದ 50 ಕೇಸಲ್ಲಿ 47ಕ್ಕೆ ಇಲ್ಲ ಅಂದಿದ್ದೀವಿ, 3 ಬಾಕಿ ಇವೆ ಅಂತ ಸರ್ಕಾರನೇ 2018ರಲ್ಲಿ ರಾಜ್ಯಸಭೆಗೆ ಹೇಳಿದೆ. ಓಟಿಂಗ್ ಕೇಸಲ್ಲಿ ನಾಗಾಲ್ಯಾಂಡ್ ಪೊಲೀಸರು 30 ಸೈನಿಕರ ಮೇಲೆ ಚಾರ್ಜ್‌ಶೀಟ್ ಹಾಕಿದ್ರು, 2023ರಲ್ಲಿ ಕೇಂದ್ರ ಅನುಮತಿ ಕೊಡ್ಲಿಲ್ಲ, 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಸ್ ಮುಚ್ತು, ಮುಂದೆ ಯಾವತ್ತಾದ್ರೂ ಅನುಮತಿ ಸಿಕ್ರೆ ನಡೆಸ್ಬಹುದು ಅಂತ ಮಾತ್ರ ಹೇಳ್ತು. ನಾನು ಆಗ್ಲೇ ಕೇಳಿದ ಆ ಪ್ರಶ್ನೆಗಳು, ಗಾಡಿ ನಿಲ್ಸೋಕೆ ಟೈಮ್ ಇತ್ತಾ ಅನ್ನೋದು, ಹಂಗಂಗೇ ಉಳ್ಕೊಂಡ್ವು.

ಕೋರ್ಟ್‌ಗಳು ಸೈನ್ಯದ ವಿಷ್ಯಕ್ಕೆ ತಲೆ ಹಾಕಲ್ಲ ಅಂತಾರಲ್ಲ?

ಹಾಕಿವೆ. 1997ರಲ್ಲಿ ಸುಪ್ರೀಂ ಕೋರ್ಟ್ ಅಫ್‌ಸ್ಪಾ ಸಂವಿಧಾನಬದ್ಧ ಅಂತ ಹೇಳ್ತು, ಜೊತೆಗೇ ಸೈನ್ಯದ ಮಾಡಬೇಕಾದ್ದು ಮಾಡಬಾರದ್ದು ಪಟ್ಟಿನ ಎಲ್ರೂ ಪಾಲಿಸ್ಲೇಬೇಕು ಅಂತಾನೂ ಹೇಳ್ತು. ಆಮೇಲೆ ಮಣಿಪುರದಲ್ಲಿ ಪೊಲೀಸರು ಸೈನ್ಯದವ್ರು ಸೇರಿ 1,528 ಜನರನ್ನ ನಕಲಿ ಎನ್‌ಕೌಂಟರ್‌ನಲ್ಲಿ ಕೊಂದಿದ್ದಾರೆ ಅಂತ ಸತ್ತವರ ಮನೆಯವ್ರು ಕೋರ್ಟಿಗೆ ಹೋದ್ರು. 2013ರಲ್ಲಿ ಅದನ್ನ ಪರೀಕ್ಷೆ ಮಾಡೋಕೆ ಸುಪ್ರೀಂ ಕೋರ್ಟ್ ಕಳಿಸಿದ್ದು ಯಾರನ್ನ ಗೊತ್ತಾ, ನಮ್ಮ ಲೋಕಾಯುಕ್ತ ಆಗಿದ್ದ ಸಂತೋಷ್ ಹೆಗ್ಡೆ ಅವ್ರನ್ನ, ಜೊತೆಗೆ ಕರ್ನಾಟಕದ ಡಿಜಿಪಿ ಆಗಿದ್ದ ಅಜಯ್ ಕುಮಾರ್ ಸಿಂಗ್, ಚುನಾವಣಾ ಆಯುಕ್ತರಾಗಿದ್ದ ಲಿಂಗ್ಡೋ. ಮಾದರಿಗೆ ಅಂತ ಕೊಟ್ಟ ಆರು ಕೇಸ್ ನೋಡಿದ್ರು, ಆರೂ ನಿಜವಾದ ಎನ್‌ಕೌಂಟರ್ ಅಲ್ಲ ಅಂತ ರಿಪೋರ್ಟ್ ಕೊಟ್ರು. ಬಳ್ಳಾರಿ ಗಣಿ ರಿಪೋರ್ಟ್ ಕೊಟ್ಟಾಗ ನಾವೆಲ್ಲಾ ಶಭಾಷ್ ಅಂದ ಅದೇ ಮನುಷ್ಯ ಕಣ್ರಿ ಈ ಹೆಗ್ಡೆ ಅವ್ರು. 2016ರಲ್ಲಿ ಕೋರ್ಟ್ ತೀರ್ಪು ಕೊಡ್ತಾ, ಅಫ್‌ಸ್ಪಾ ಇದೆ ಅಂದ ಮಾತ್ರಕ್ಕೆ ಯಾರಿಗೂ ಪೂರ್ತಿ ವಿನಾಯ್ತಿ ಇಲ್ಲ ಅಂತು, ಮುಂದಿನ ವರ್ಷ ಸಿಬಿಐ ತನಿಖೆಗೂ ಆರ್ಡರ್ ಮಾಡ್ತು.

ಕೋರ್ಟ್ ಮಾರ್ಷಲ್ ಇದೆಯಲ್ಲ, ಅದೇ ಸಾಕಲ್ವಾ?

ಕೋರ್ಟ್ ಮಾರ್ಷಲ್‌ನ ಹಗುರವಾಗಿ ತಗೋಬೇಡಿ. ಯುದ್ಧ ಗೊತ್ತಿರೋ ಆಫೀಸರ್‌ಗಳೇ ಕೂತು ನೋಡ್ತಾರೆ, ಮಾಮೂಲಿ ಕೋರ್ಟಿಗಿಂತ ಬೇಗ ಮುಗಿಯುತ್ತೆ. ತೊಂದ್ರೆ ಏನಂದ್ರೆ ಶುರು ಮಾಡೋದೂ ಬಿಡೋದೂ ಅವ್ರ ಕೈಲೇ ಇದೆ. 2000ನೇ ಇಸವಿ ಕಾಶ್ಮೀರದ ಪಥ್ರಿಬಲ್‌ನಲ್ಲಿ ಐದು ಜನ ಸತ್ತ ಕೇಸಲ್ಲಿ ಸಿಬಿಐ ಇದು ನಕಲಿ ಎನ್‌ಕೌಂಟರ್ ಅಂತ 2006ರಲ್ಲಿ ಚಾರ್ಜ್‌ಶೀಟ್ ಹಾಕ್ತು, 2012ರಲ್ಲಿ ಸುಪ್ರೀಂ ಕೋರ್ಟ್ ಯಾವ ದಾರಿ ಅಂತ ಸೈನ್ಯನೇ ಆರಿಸ್ಕೊಳ್ಳಿ ಅಂತು, ಸೈನ್ಯ ತಾನೇ ನೋಡ್ಕೊಳ್ತೀನಿ ಅಂತ ತಗೊಂಡು 2014ರಲ್ಲಿ ಸಾಕ್ಷಿ ಸಾಲದು ಅಂತ ಮುಚ್ಚಿಹಾಕ್ತು. 14 ವರ್ಷ ಕಾದ ಮನೆಯವ್ರಿಗೆ ಒಂದೇ ಒಂದು ದಿನದ ವಿಚಾರಣೆನೂ ಸಿಗ್ಲಿಲ್ಲ. ಶಿಕ್ಷೆ ಆದ ಮಾಛಿಲ್ ಕೇಸಲ್ಲೂ 2017ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಶಿಕ್ಷೆ ತಡೆಹಿಡಿದು ಜಾಮೀನು ಕೊಡ್ತು. 2020ರ ಅಂಶಿಪೋರಾ ಕೇಸಲ್ಲೂ, ರಜೌರಿ ಕಡೆಯ ಮೂರು ಕೂಲಿ ಹುಡುಗರು ಸತ್ತಿದ್ದು ಅದು, ಹಿಂಗೇ ಆಯ್ತು. ಅಪೀಲಲ್ಲಿ ಜಾಮೀನು ಕೇಳೋದು ಎಲ್ರ ಹಕ್ಕು, ನಾನೂ ನನ್ನ ಕಕ್ಷಿದಾರರಿಗೆ ಕೇಳ್ತೀನಿ, ಆದ್ರೆ ಯಾಕೆ ಏನು ಅಂತ ಸತ್ತವರ ಮನೆಗೆ ಯಾರಾದ್ರೂ ಹೇಳ್ಬೇಕಲ್ವಾ.

ಸುಳ್ಳು ಕೇಸ್ ಹಾಕಿ ಸೈನಿಕರ ಜೀವ್ನ ಹಾಳು ಮಾಡಿದ್ರೆ?

ಮಾಡ್ತಾರೆ, ಮಾಡಿದ್ದಾರೆ. ಇರಾಕ್ ಯುದ್ಧ ಆದ್ಮೇಲೆ ಬ್ರಿಟನ್‌ನಲ್ಲಿ ಸೈನಿಕರ ಮೇಲೆ ಸಾವಿರಾರು ದೂರು ಬಂದ್ವು, ಅದ್ರಲ್ಲಿ ಎಷ್ಟೋ ದೂರು ತಂದ ವಕೀಲನೇ ಅಪ್ರಾಮಾಣಿಕ ಅಂತ ಸಾಬೀತಾಗಿ 2017ರಲ್ಲಿ ಅವನ ಸನ್ನದು ಕಿತ್ಕೊಂಡ್ರು, ಆ ದೂರುಗಳನ್ನ ನೋಡ್ತಿದ್ದ ತನಿಖಾ ತಂಡನೂ ಅದೇ ವರ್ಷ ಮುಚ್ತು. ನನ್ನ ವೃತ್ತಿಯವನೊಬ್ಬ ಹಿಂಗ್ ಮಾಡಿದ ಅಂತ ಓದಿದಾಗ ನಾಚಿಕೆ ಆಯ್ತು. ಆದ್ರೆ ಅದೇ ಇರಾಕ್‌ನಲ್ಲಿ 2003ರಲ್ಲಿ ಬಾಸ್ರಾದ ಹೋಟೆಲ್ ರಿಸೆಪ್ಷನಿಸ್ಟ್ ಬಹಾ ಮೂಸಾ ಬ್ರಿಟಿಷ್ ಸೈನ್ಯದ ಕಸ್ಟಡೀಲಿ ಸತ್ತಾಗ ಮೈ ಮೇಲೆ 93 ಗಾಯ ಇದ್ವು, ಅದು ಸುಳ್ಳಲ್ಲ. ಸುಳ್ಳು ದೂರನ್ನೂ ನಿಜದ ದೂರನ್ನೂ ಬೇರೆ ಮಾಡೋಕೆ ನಮ್ಮ ಹತ್ರ ಇರೋದು ತನಿಖೆ ಒಂದೇ, ಅದೂ ಬಿಸಿ ಇರೋವಾಗ್ಲೇ ಆಗ್ಬೇಕು.

ತಡ ಆದ್ರೆ ಎರಡೂ ಕಡೆಗೂ ಅನ್ಯಾಯ. ಉತ್ತರ ಐರ್ಲೆಂಡಿನಲ್ಲಿ 1972ರ ಜನವರಿ 30ಕ್ಕೆ ಮೆರವಣಿಗೆ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ 13 ಜನ ಅವತ್ತೇ ಸತ್ರು. ಒಬ್ಬ ಸೈನಿಕನ ವಿಚಾರಣೆ ಮುಗಿದಿದ್ದು 2025ಕ್ಕೆ, ಖುಲಾಸೆ ಆಯ್ತು. 53 ವರ್ಷ. ಅಷ್ಟರಲ್ಲಿ ಎಷ್ಟೋ ಸಾಕ್ಷಿಗಳು ತೀರ್ಕೊಂಡಿರ್ತಾರೆ, ಸತ್ತವರ ತಂದೆ ತಾಯಿ ಹೋಗಿರ್ತಾರೆ, ಆ ಸೈನಿಕನೂ ಮುಪ್ಪಿನವರೆಗೂ ಅದನ್ನ ಹೊತ್ಕೊಂಡೇ ಬದುಕಿರ್ತಾನೆ.

ಪಾಕಿಸ್ತಾನದವ್ರು ಯಾವ ರೂಲ್ಸೂ ಪಾಲಿಸಲ್ಲ, ನಾವ್ಯಾಕೆ ಪಾಲಿಸ್ಬೇಕು?

ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತೆ ಅವ್ರ ಜೊತೆಗಿದ್ದ ಐದು ಜವಾನರನ್ನ 1999ರ ಮೇ ತಿಂಗಳಲ್ಲಿ ಕಾರ್ಗಿಲ್‌ನಲ್ಲಿ ಪಾಕಿಸ್ತಾನದವ್ರು ಹಿಡಿದು, ಚಿತ್ರಹಿಂಸೆ ಕೊಟ್ಟು, ಜೂನ್‌ನಲ್ಲಿ ಶವ ಕಳಿಸಿದ್ರು. ಅವ್ರ ತಂದೆ ಇದು ಯುದ್ಧಾಪರಾಧ, ಮಾಡಿದೋರಿಗೆ ಶಿಕ್ಷೆ ಆಗ್ಬೇಕು ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋದ್ರು. ನಾವೆಲ್ಲಾ ಹೌದು ಆಗ್ಲೇಬೇಕು ಅಂದ್ವಿ, ಈಗ್ಲೂ ಅಂತೀವಿ. 2019ರಲ್ಲಿ ನಮ್ಮ ವಾಯುಪಡೆ ಪೈಲಟ್ ಅಭಿನಂದನ್ ಅವ್ರನ್ನ ಹಿಡಿದು ರಕ್ತ ಸುರೀತಿರೋ ಮುಖದ ವಿಡಿಯೋ ಬಿಟ್ಟಾಗ ನಮ್ಮ ಸರ್ಕಾರ ಎತ್ತಿ ತೋರಿಸಿದ್ದೂ ಜಿನೀವಾ ಒಪ್ಪಂದನೇ. ಸೈನಿಕರ ಮೇಲೆ ಕೇಸ್ ಹಾಕೋದೇ ತಪ್ಪು ಅಂತ ನಾವು ವಾದ ಮಾಡಿದ್ರೆ ಕಾಲಿಯಾ ಅವ್ರ ಮನೆಯವ್ರಿಗೆ ಏನಂತ ಹೇಳೋಣ?

1971ರ ಬಾಂಗ್ಲಾ ಯುದ್ಧದಲ್ಲಿ ಸೆರೆ ಸಿಕ್ಕ 93 ಸಾವಿರ ಪಾಕಿಸ್ತಾನದವ್ರನ್ನ ನಮ್ಮ ಸೈನ್ಯ ನೋಡ್ಕೊಂಡು ಆಮೇಲೆ ವಾಪಸ್ ಕಳಿಸ್ತು. ಬಾಂಗ್ಲಾದೇಶ ಅವ್ರಲ್ಲಿ 195 ಜನರ ವಿಚಾರಣೆ ಮಾಡ್ತೀವಿ ಅಂತಿತ್ತು, 1974ರ ಒಪ್ಪಂದದಲ್ಲಿ ರಾಜಕೀಯಕ್ಕೋಸ್ಕರ ಅದನ್ನ ಕೈ ಬಿಟ್ರು, ಅಲ್ಲಿ ಕೊಲೆಯಾದೋರ ಮಕ್ಕಳು ಇವತ್ತಿಗೂ ಅದನ್ನ ಮರೆತಿಲ್ಲ. ಇನ್ನು ನಮ್ಮ ಕೊಡಗಿನ ಕಾರ್ಯಪ್ಪನವ್ರ ಮಗ 1965ರಲ್ಲಿ ಪಾಕಿಸ್ತಾನಕ್ಕೆ ಸೆರೆ ಸಿಕ್ಕಾಗ ಅಯೂಬ್ ಖಾನ್ ಬಿಟ್ಟು ಕಳಿಸ್ತೀನಿ ಅಂದ್ರೂ, ಅಲ್ಲಿರೋ ಸೆರೆಯಾಳುಗಳೆಲ್ಲಾ ನನ್ನ ಮಕ್ಕಳೇ, ಒಬ್ಬನಿಗೆ ಬೇರೆ ನ್ಯಾಯ ಬೇಡ ಅಂದ್ರು. ನಮ್ಮ ಸೈನ್ಯದ ಪರಂಪರೆ ಅಂತ ನಾನು ಎದೆ ತಟ್ಕೊಂಡು ಹೇಳೋದು ಇದನ್ನ.

ಕೇಸ್ ಗೀಸ್ ಅಂತ ಹೋದ್ರೆ ಜವಾನರ ಮನೋಬಲ ಕುಗ್ಗಲ್ವಾ?

ಇದನ್ನ ನಾನು ಅಪ್ಪನ್ನೇ ಕೇಳಿದ್ದೀನಿ. ಅವ್ರ ಟ್ರಂಕಲ್ಲಿ ಡಿಸ್ಚಾರ್ಜ್ ಬುಕ್ ಜೊತೆ ಒಂದು ಲ್ಯಾಮಿನೇಷನ್ ಮಾಡಿದ ಕಾರ್ಡ್ ಇದೆ, ಮೂಲೆ ಎಲ್ಲಾ ಎದ್ದೋಗಿ ಬೆವರಿಗೆ ಹಳದಿ ಆಗಿದೆ, ಹಿಂದೀಲಿ ಬರೆದಿರೋದು: ಬೇಕಾದಷ್ಟೇ ಬಲ ಉಪಯೋಗ್ಸಿ, ಹಿಡಿದೋರನ್ನ ತಡ ಮಾಡ್ದೆ ಪೊಲೀಸರಿಗೆ ಒಪ್ಪಿಸಿ, ಹಿಡಿದ್ಮೇಲೆ ಹೊಡೀಬೇಡಿ. ಅದನ್ನ ಎಡಗಡೆ ಜೇಬಲ್ಲಿ ಇಟ್ಕೊಂಡೇ ಪೆಟ್ರೋಲಿಂಗ್ ಹೋಗ್ತಿದ್ರಂತೆ. "ನಮ್ ಹುಡುಗ್ರಿಗೆ ಕೋರ್ಟ್ ಭಯ ಇರ್ಲಿಲ್ಲ ಕಣವ್ವ, ಪಕ್ಕದ ಪೋಸ್ಟೋನು ಯಾರಿಗೋ ಏನೋ ಮಾಡ್ಬುಟ್ಟು ಬಂದ್ರೆ ಆ ಊರಿನ ದಾರೀಲಿ ಮಾರನೆ ದಿನ ನಡೀಬೇಕಾದೋರು ನಾವು, ಆ ಭಯ ಇತ್ತು" ಅಂದ್ರು. ಊರಿನ ಜನ ಮಾತಾಡೋದು ನಿಲ್ಸಿದ್ರೆ ಸುಳಿವು ಸಿಗಲ್ಲ, ಸುಳಿವು ಸಿಗ್ಲಿಲ್ಲ ಅಂದ್ರೆ ಸಾಯೋದು ಜವಾನನೇ.

ಉಗ್ರರಿಗೆಂಥ ಮಾನವ ಹಕ್ಕು?

ಎನ್‌ಕೌಂಟರ್‌ನಲ್ಲಿ ಆಯುಧ ಹಿಡಿದು ಸತ್ತ ಉಗ್ರನ ಬಗ್ಗೆ ಇಲ್ಲಿ ಮಾತೇ ಇಲ್ಲ. ಓಟಿಂಗ್‌ನಲ್ಲಿ ಸತ್ತೋರು ಕೂಲಿ ಮಾಡೋರು.

ಹಂಗಾದ್ರೆ ಏನು ಬದಲಾಗ್ಬೇಕು ಅಂತೀರಿ?

ಅನುಮತಿ ಅನ್ನೋದು ಇರ್ಲಿ, ಆದ್ರೆ ಅದಕ್ಕೆ ಗಡುವು ಇರ್ಬೇಕು, ಕೊಡಲ್ಲ ಅಂದ್ರೆ ಯಾಕೆ ಅಂತ ಬರವಣಿಗೇಲಿ ಕಾರಣ ಕೊಡ್ಬೇಕು, ಆ ಕಾರಣನ ಕೋರ್ಟ್ ನೋಡೋಹಂಗಿರ್ಬೇಕು. ಬೇರೆ ಸರ್ಕಾರಿ ನೌಕರರ ವಿಷ್ಯದಲ್ಲಿ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ 120 ದಿನ ಗಡುವು ಇಟ್ಟಿದೆ, ಅಷ್ಟರೊಳಗೆ ತೀರ್ಮಾನ ಆಗ್ಲಿಲ್ಲ ಅಂದ್ರೆ ಕೊಟ್ಟಂಗೇ ಲೆಕ್ಕ, ಅಫ್‌ಸ್ಪಾ ಅನುಮತಿಗೂ ಹಿಂಗೊಂದು ಗಡುವು ಬರ್ಲಿ. ಅತ್ಯಾಚಾರದ ಆರೋಪಕ್ಕಂತೂ ಅನುಮತಿ ಕೇಳೋದೇ ಬೇಡ, 2013ರಲ್ಲಿ ಜಸ್ಟಿಸ್ ವರ್ಮಾ ಸಮಿತಿ ಇದನ್ನೇ ಹೇಳಿತ್ತು, ಯಾವ ಹೆಣ್ಮಗಳ ಮೈ ಮೇಲೆ ಕೈ ಹಾಕೋದೂ ಯಾವ ಸೈನಿಕನ ಡ್ಯೂಟಿನೂ ಅಲ್ಲ. ಕೋರ್ಟ್ ಮಾರ್ಷಲ್ ನಡೆದ್ರೆ ಸತ್ತವರ ಮನೆಯವ್ರು ಕೂತು ನೋಡೋಕೆ, ತೀರ್ಪಿನ ಪ್ರತಿ ತಗೊಳ್ಳೋಕೆ ಅವಕಾಶ ಬೇಕು. ಮತ್ತೆ ಟ್ರಿಗರ್ ಒತ್ತಿದವನ ಹತ್ರನೇ ತನಿಖೆ ನಿಲ್ಬಾರ್ದು, ತಪ್ಪು ಮಾಹಿತಿ ಕೊಟ್ಟೋರು, ಗೊತ್ತಿದ್ದೂ ಸುಮ್ನಿದ್ದೋರು, ಸುಳ್ಳು ರಿಪೋರ್ಟಿಗೆ ಸಹಿ ಹಾಕಿದೋರು, ಎಲ್ಲಾರ ಹತ್ರನೂ ಹೋಗ್ಬೇಕು. ಪೊಲೀಸ್ ಇರ್ಲಿ ಅರೆಸೇನಾಪಡೆ ಇರ್ಲಿ ಅದೇ ಮಾತು.

ಅಂತಾರಾಷ್ಟ್ರೀಯ ಕೋರ್ಟಿಗೆ ನಮ್ಮ ಸೈನಿಕರನ್ನ ಎಳ್ಕೊಂಡು ಹೋಗ್ಬಹುದಾ?

ಹೇಗ್‌ನಲ್ಲಿರೋ ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ 2002ರಲ್ಲಿ ಶುರುವಾಯ್ತು, ಭಾರತ ಅದ್ರ ಸದಸ್ಯ ಅಲ್ಲ. ಸದಸ್ಯರಾಗಿರೋ ದೇಶಗಳಿಗೂ ನಿಯಮ ಏನಂದ್ರೆ ಆಯಾ ದೇಶ ತಾನೇ ಪ್ರಾಮಾಣಿಕವಾಗಿ ತನಿಖೆ ಮಾಡ್ತಿದ್ರೆ ಆ ಕೋರ್ಟ್ ಕೈ ಹಾಕಲ್ಲ. ಆಸ್ಟ್ರೇಲಿಯಾ ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದೆ, ಅಫ್ಘಾನಿಸ್ತಾನದಲ್ಲಿ ತನ್ನ ವಿಶೇಷ ಪಡೆಯವ್ರು 39 ಜನರನ್ನ ಅಕ್ರಮವಾಗಿ ಕೊಂದಿರೋದಕ್ಕೆ ನಂಬಬಹುದಾದ ಮಾಹಿತಿ ಇದೆ ಅಂತ 2020ರಲ್ಲಿ ತನ್ನ ಸೈನ್ಯದ ರಿಪೋರ್ಟನ್ನೇ ಜನರ ಮುಂದೆ ಇಡ್ತು, 2023ರಲ್ಲಿ ಒಬ್ಬ ಮಾಜಿ ಸೈನಿಕನ ಮೇಲೆ ಕೊಲೆ ಕೇಸೂ ಹಾಕ್ತು.

ನಮ್ಮನೆ ಹುಡುಗನ ಮೇಲೇ ಇಂಥ ಆರೋಪ ಬಂದಿದೆ, ಏನ್ ಮಾಡೋದು?

ಹೆದರ್ಬೇಡಿ, ಆರೋಪ ಬಂದ ತಕ್ಷಣ ಅಪರಾಧಿ ಅಲ್ಲ. ಕೋರ್ಟ್ ಆಫ್ ಎನ್‌ಕ್ವೈರಿ, ಅಂದ್ರೆ ಸೈನ್ಯದ ಒಳಗಿನ ಮೊದಲ ಹಂತದ ತನಿಖೆ, ನಡೆದು ಅವನ ಹೆಸರಿಗೆ ಧಕ್ಕೆ ಆಗೋ ವಿಷ್ಯ ಬಂದ್ರೆ ಆರ್ಮಿ ರೂಲ್ 180ರ ಪ್ರಕಾರ ಅವನು ಪೂರ್ತಿ ಹಾಜರಿರ್ಬಹುದು, ಸಾಕ್ಷಿಗಳನ್ನ ಪ್ರಶ್ನೆ ಮಾಡ್ಬಹುದು, ಅದನ್ನ ಬಿಟ್ಕೊಡ್ಬೇಡಿ ಅಂತ ಅವನಿಗೆ ಹೇಳಿ. ಓದ್ದೆ ಯಾವ ಹೇಳಿಕೆಗೂ ಸಹಿ ಹಾಕ್ಬಾರ್ದು. ಕೋರ್ಟ್ ಮಾರ್ಷಲ್‌ನಲ್ಲಿ ಡಿಫೆಂಡಿಂಗ್ ಆಫೀಸರ್ ಸಿಗ್ತಾರೆ, ಹೊರಗಿನ ವಕೀಲರನ್ನೂ ಇಟ್ಕೋಬಹುದು. ಶಿಕ್ಷೆ ಆದ್ರೆ 2007ರ ಕಾಯ್ದೆಯಲ್ಲಿ ಆದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಅಪೀಲ್ ಇದೆ, ಅಲ್ಲಿಂದ ಸುಪ್ರೀಂ ಕೋರ್ಟ್. ಟೀವಿಯವ್ರ ಮುಂದೆ ಏನೂ ಮಾತಾಡ್ಬೇಡಿ, ಸತ್ತವರ ಬಗ್ಗೆ ಅಂತೂ ಒಂದು ಕೆಟ್ಟ ಮಾತೂ ಬೇಡ, ಅವ್ರ ಮನೇಲೂ ನಿಮ್ಮಂಥ ತಾಯಿ ಇರ್ತಾಳೆ. ಹುಡುಗನ ಕಾಗದಪತ್ರ, ರಜೆ ಚೀಟಿ, ಪೋಸ್ಟಿಂಗ್ ಆರ್ಡರ್, ಮನೆಗೆ ಕಳಿಸಿದ ಮೆಸೇಜು ಯಾವ್ದನ್ನೂ ಡಿಲೀಟ್ ಮಾಡ್ದೆ ಒಂದ್ಕಡೆ ಇಟ್ಕೊಂಡು ಮೊದ್ಲು ಮೈಸೂರಿನ ಸೈನಿಕ ಕಲ್ಯಾಣ ಇಲಾಖೆ ಆಫೀಸಿಗೆ ಹೋಗಿ ವಿಚಾರ್ಸಿ, ಆಮೇಲೆ ಈ ಕಾನೂನು ಗೊತ್ತಿರೋ ವಕೀಲರನ್ನ ನೋಡಿ.